ಕೂಲಿಕಾರರ ವಠಾರದಲ್ಲಿ ಹುಟ್ಟಿದ ಮಾಂಟೆಸ್ಸರಿ

ಬೆಂಗಳೂರಿನಲ್ಲಿ ನಾನು ಬಾಡಿಗೆಗಿರುವ ಬಡಾವಣೆಯಲ್ಲಿ ಅರ್ಧ ಕಿಲೋಮೀಟರ್ ನಡೆದರೆ ಮೂರು ಮಾಂಟೆಸ್ಸರಿಗಳು ಸಿಗುತ್ತವೆ. ಒಂದರ ಗೋಡೆ ಮೇಲೆ ಮಿಕ್ಕಿ ಮೌಸ್ ಇದೆ. ಇನ್ನೊಂದಕ್ಕೆ ಸಿಸಿಟಿವಿ ಇರೋದೇ ದೊಡ್ಡ ಜಾಹೀರಾತು. ಮೂರನೆಯದರ ಫೀಸು ಕೇಳಿಕೊಂಡು ಬಂದ ನನ್ನ ಸಹೋದ್ಯೋಗಿಯೊಬ್ಬರು, ತಾನು ಡಿಗ್ರಿ ಮುಗಿಸೋಕೆ ಮೂರು ವರ್ಷಕ್ಕೂ ಸೇರಿ ಇಷ್ಟು ಕಟ್ಟಿರಲಿಲ್ಲ ಅಂತ ನಕ್ಕರು. ಇವುಗಳ ನಡುವೆ, ಒಂದು ಗಲ್ಲಿಯೊಳಗೆ, ಶೀಟಿನ ಚಾವಣಿಯ ಅಂಗನವಾಡಿಯೊಂದಿದೆ. ಕಟ್ಟಡ ಕೆಲಸದವರ, ಮನೆಗೆಲಸದವರ, ಪೌರಕಾರ್ಮಿಕರ ಮಕ್ಕಳು ಅಲ್ಲಿಗೆ ಬರ್ತಾರೆ. ಅದರ ಕಡೆ ಯಾರೂ ತಿರುಗಿ ನೋಡಲ್ಲ.

ನಾನು ತಿರುಗಿ ನೋಡ್ತೀನಿ. ನಮ್ಮಮ್ಮ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್ ಆಗಿದ್ದರು. ನಾನು ಬೆಳೆದಿದ್ದು ಅಂಥದೇ ಒಂದು ಕೋಣೆಯಲ್ಲಿ, ತೂಕದ ತಕ್ಕಡಿ ಮತ್ತು ಉಪ್ಪಿಟ್ಟಿನ ಪಾತ್ರೆಯ ನಡುವೆ. ಹಾಗಾಗಿ ಮಾರಿಯಾ ಮಾಂಟೆಸ್ಸರಿಯವರ ಜೀವನ ಓದುವಾಗ ನನಗೆ ಮೊದಲು ಬಂದದ್ದು ಸಿಟ್ಟು. ಈ ಹೆಸರು ಹುಟ್ಟಿದ್ದು ಆ ಮೂರು ಬೋರ್ಡುಗಳಂಥ ಜಾಗದಲ್ಲಿ ಅಲ್ಲ, ಆ ಗಲ್ಲಿಯಂಥ ಜಾಗದಲ್ಲಿ. ಅಲ್ಲಿಂದ ಇದನ್ನು ಎತ್ತಿಕೊಂಡು ಹೋದವರು ಯಾರು? ಅದರಲ್ಲಿ ಮಾರಿಯಾ ಅವರದೇ ಪಾಲೆಷ್ಟು? ಇದನ್ನು ತಿಳಿಯಬೇಕು ಅನ್ನಿಸಿತು.

ಮಾರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಲ್ಲೆ ಅನ್ನುವ ಸಣ್ಣ ಊರಿನಲ್ಲಿ. ಅದಾಗಿ ಮೂರು ವಾರಕ್ಕೆ ಇಟಲಿಯ ಸೇನೆ ರೋಮ್ ನಗರವನ್ನು ವಶಪಡಿಸಿಕೊಂಡಿತು. ಅಂದರೆ ಈಗ ನಾವು ನೋಡುವ ಇಟಲಿಗೂ ಅವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅಪ್ಪ ಸರ್ಕಾರಿ ನೌಕರ, ಹಳೇ ಕಾಲದ ಮನುಷ್ಯ. ಅಮ್ಮ ಓದಿಕೊಂಡಿದ್ದವರು, ಮಗಳ ಬೆನ್ನಿಗೆ ನಿಂತವರು. ಹುಡುಗಿಯರು ಓದಿದರೆ ಟೀಚರ್ ಆಗಬೇಕು ಅನ್ನುತ್ತಿದ್ದ ಕಾಲದಲ್ಲಿ ಮಾರಿಯಾ ಹದಿಮೂರನೇ ವಯಸ್ಸಿಗೆ ತಾಂತ್ರಿಕ ಶಾಲೆ ಸೇರಿದರು. ಎಂಜಿನಿಯರ್ ಆಗಬೇಕು ಅಂತಿದ್ದರು, ಆಮೇಲೆ ಮನಸ್ಸು ಬದಲಾಯಿಸಿ ಡಾಕ್ಟರ್ ಆಗ್ತೀನಿ ಅಂದರು. ಏನೇ ಆದರೂ ಟೀಚರ್ ಮಾತ್ರ ಆಗಲ್ಲ ಅನ್ನೋದು ಅವರ ಹಟವಾಗಿತ್ತು!

ರೋಮ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುವಾಗ, ಗಂಡು ಹುಡುಗರ ಜೊತೆ ನಿಂತು ಬೆತ್ತಲೆ ಹೆಣ ನೋಡುವುದು ಹೆಣ್ಣಿಗೆ ಸಲ್ಲದು ಅಂತ ಅವರನ್ನು ದೂರ ಇಟ್ಟರು. ಎಲ್ಲರೂ ಹೋದ ಮೇಲೆ ಒಬ್ಬರೇ ಹೆಣ ಕೊಯ್ದು ಕಲಿಯಬೇಕಾಯಿತು. 1896ರಲ್ಲಿ ಪದವಿ ಸಿಕ್ಕಿತು. ಇಟಲಿಯ ಮೊದಲ ಮಹಿಳಾ ವೈದ್ಯೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ಅದು ತಪ್ಪು. ಅವರಿಗಿಂತ ಮೊದಲೇ ಕೆಲವರು ಪದವಿ ಪಡೆದಿದ್ದರು. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಅದೇ ವರ್ಷದ ಇನ್ನೊಂದು ಸಂಗತಿ. ಬರ್ಲಿನ್ನಿನ ಅಂತಾರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಅವರು ದುಡಿಯುವ ಹೆಂಗಸರಿಗೆ ಗಂಡಸರಷ್ಟೇ ಕೂಲಿ ಸಿಗಬೇಕು ಅಂತ ಮಾತಾಡಿದರು. ಆಗವರಿಗೆ ಇಪ್ಪತ್ತಾರು ವರ್ಷ.

ಮಕ್ಕಳ ಲೋಕಕ್ಕೆ ಅವರು ಬಂದಿದ್ದು ಶಾಲೆಯ ಬಾಗಿಲಿಂದ ಅಲ್ಲ, ಹುಚ್ಚಾಸ್ಪತ್ರೆಯ ಬಾಗಿಲಿಂದ. ಬುದ್ಧಿಮಾಂದ್ಯರು ಅಂತ ಹಣೆಪಟ್ಟಿ ಹಚ್ಚಿದ ಮಕ್ಕಳನ್ನು ಆಗ ಮಾನಸಿಕ ರೋಗಿಗಳ ಜೊತೆಯಲ್ಲೇ ಕೂಡಿಹಾಕುತ್ತಿದ್ದರು. ಊಟವಾದ ಮೇಲೆ ಆ ಮಕ್ಕಳು ನೆಲದ ಮೇಲೆ ಬಿದ್ದ ಬ್ರೆಡ್ಡಿನ ಚೂರುಗಳನ್ನು ಹೆಕ್ಕುತ್ತಾ ಹೊರಳಾಡುವುದನ್ನು ನೋಡಿ ಕಾವಲಿನವಳು ಅಸಹ್ಯಪಟ್ಟುಕೊಂಡಳಂತೆ. ಆ ಖಾಲಿ ಕೋಣೆಯಲ್ಲಿ ಮಕ್ಕಳ ಕೈಗೆ ಹಿಡಿಯೋಕೆ ಬೇರೆ ಏನೂ ಇಲ್ಲ ಅನ್ನೋದು ಮಾರಿಯಾಗೆ ಕಂಡಿತಂತೆ. ಈ ಕತೆ ಅವರ ಬದುಕು ಬರೆದವರೆಲ್ಲ ಹೇಳುವಂಥದ್ದು, ಸ್ವಲ್ಪ ಬಣ್ಣ ಸೇರಿರಬಹುದು. ಆದರೆ ಆಮೇಲೆ ಆದದ್ದು ದಾಖಲೆಯಲ್ಲಿದೆ. ಫ್ರಾನ್ಸಿನ ಇಬ್ಬರು ಹಳೆಯ ವೈದ್ಯರು, ಇಟಾರ್ ಮತ್ತು ಸೆಗ್ಯಾಂ, ಇಂಥ ಮಕ್ಕಳಿಗೆ ಮುಟ್ಟಿ, ಹಿಡಿದು, ಜೋಡಿಸಿ ಕಲಿಯುವ ವಸ್ತುಗಳನ್ನು ಮಾಡಿಟ್ಟಿದ್ದರು. ಮಾರಿಯಾ ಅವುಗಳನ್ನು ತಿದ್ದಿ ಬಳಸಿದರು. ಅವರು ಕಲಿಸಿದ ಕೆಲವು ಮಕ್ಕಳು ಮಾಮೂಲಿ ಮಕ್ಕಳ ಪರೀಕ್ಷೆಯನ್ನೇ ಪಾಸು ಮಾಡಿದರು. ಊರೆಲ್ಲ ಹೊಗಳಿತು. ಅವರು ಮಾತ್ರ ತಲೆಕೆಳಗಾದ ಪ್ರಶ್ನೆ ಹಾಕಿಕೊಂಡರು: ಹಾಗಾದರೆ ಚೆನ್ನಾಗಿರುವ ಮಕ್ಕಳು ಇವರಿಗಿಂತ ಮುಂದೆ ಹೋಗದಂತೆ ನಮ್ಮ ಶಾಲೆಗಳು ಏನು ಮಾಡುತ್ತಿವೆ?

ಇದೇ ವರ್ಷಗಳಲ್ಲಿ ಇನ್ನೊಂದು ನಡೆಯಿತು. ಅದನ್ನು ಅವರು ಬದುಕಿನ ಬಹುಪಾಲು ಮುಚ್ಚಿಟ್ಟರು. ಜೊತೆಗೆ ಕೆಲಸ ಮಾಡುತ್ತಿದ್ದ ವೈದ್ಯ ಜುಸೆಪ್ಪೆ ಮೊಂತೆಸಾನೊ ಅವರಿಂದ 1898ರ ಮಾರ್ಚ್ 31ರಂದು ಒಂದು ಗಂಡುಮಗು ಹುಟ್ಟಿತು, ಹೆಸರು ಮಾರಿಯೋ. ಮದುವೆ ಆಗಿರಲಿಲ್ಲ. ಆದರೆ ಕೆಲಸ ಬಿಡಬೇಕು, ಆಗದಿದ್ದರೆ ಮಾನ ಬಿಡಬೇಕು ಅನ್ನುವ ಕಾಲ ಅದು. ಮಗುವನ್ನು ರೋಮ್ ಹೊರಗಿನ ಹಳ್ಳಿಯಲ್ಲಿ ಹಾಲೂಡಿಸುವ ಹೆಂಗಸೊಬ್ಬಳ ಕೈಗೆ ಒಪ್ಪಿಸಲಾಯಿತು. ಮೊಂತೆಸಾನೊ 1901ರಲ್ಲಿ ಬೇರೆ ಮದುವೆಯಾದರು. ಅವರ ಕೆಲಸಕ್ಕೇನೂ ಧಕ್ಕೆ ಬರಲಿಲ್ಲ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಮಾರಿಯಾ ತಾವಿಬ್ಬರೂ ನಡೆಸುತ್ತಿದ್ದ ಸಂಸ್ಥೆಯಿಂದ ಹೊರಬಂದರು. ಆಗಾಗ ಹಳ್ಳಿಗೆ ಹೋಗಿ ಮಗನನ್ನು ನೋಡಿ ಬರುತ್ತಿದ್ದರು, ತಾನು ಯಾರು ಅಂತ ಹೇಳದೆ. ಹುಟ್ಟಿದ ಮೊದಲ ಆರು ವರ್ಷವೇ ಮನುಷ್ಯನನ್ನು ಕಟ್ಟುತ್ತದೆ ಅಂತ ಜಗತ್ತಿಗೆ ಹೇಳಲಿದ್ದ ಹೆಂಗಸಿಗೆ ತನ್ನ ಮಗನ ಆ ಆರು ವರ್ಷ ಸಿಗಲಿಲ್ಲ.

ಈಗ ಸಾನ್ ಲೊರೆಂಜೊಗೆ ಬರೋಣ. ರೋಮ್ ರಾಜಧಾನಿಯಾದಾಗ ಮನೆ ಕಟ್ಟುವ ವ್ಯಾಪಾರ ಹುಚ್ಚಾಪಟ್ಟೆ ಬೆಳೆದು, 1880ರ ದಶಕದ ಕೊನೆಗೆ ಧಸಕ್ಕನೆ ಬಿದ್ದುಹೋಗಿತ್ತು. ಅರ್ಧ ಕಟ್ಟಿ ಬಿಟ್ಟ ದೊಡ್ಡ ದೊಡ್ಡ ಕಟ್ಟಡಗಳಿಗೆ ಹಳ್ಳಿಗಳಿಂದ ಬಂದ ದಿನಗೂಲಿಗಳು ಬಂದು ತುಂಬಿಕೊಂಡರು. ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಕೆಲವು ಕಡೆ ಅದಕ್ಕಿಂತ ಹೆಚ್ಚು. ಮುಂದೆ ಒಂದು ರಿಯಲ್ ಎಸ್ಟೇಟ್ ಕಂಪನಿ ಇವನ್ನು ಕೊಂಡು ರಿಪೇರಿ ಮಾಡಿ ಬಾಡಿಗೆಗೆ ಕೊಟ್ಟಿತು. ಆದರೆ ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ, ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ದಿನವಿಡೀ ಮೆಟ್ಟಿಲ ಮೇಲೆ ಓಡಾಡಿ, ಸುಣ್ಣ ಬಳಿದ ಗೋಡೆಗಳನ್ನೆಲ್ಲ ಗೀಚಿ ಹಾಕುತ್ತಿದ್ದವು. ಕಂಪನಿ ಲೆಕ್ಕ ಹಾಕಿತು: ವಾರಕ್ಕೊಮ್ಮೆ ಗೋಡೆ ರಿಪೇರಿ ಮಾಡಿಸುವುದಕ್ಕಿಂತ ಈ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ನೋಡಿಕೊಳ್ಳೋರನ್ನು ಇಟ್ಟರೆ ಅಗ್ಗ. ಹಾಗೆ, ಗೋಡೆ ಉಳಿಸೋಕೆ ಶುರುವಾಯಿತು ಆ ಶಾಲೆ. 1907ರ ಜನವರಿ 6, ವಿಯಾ ದೆಯಿ ಮಾರ್ಸಿಯ 58ನೇ ನಂಬರ್ ಕಟ್ಟಡ. ಐವತ್ತಕ್ಕೂ ಹೆಚ್ಚು ಮಕ್ಕಳು. ಹೆಸರು ಕಾಸಾ ದೆಯಿ ಬಂಬೀನಿ, ಅಂದರೆ ಮಕ್ಕಳ ಮನೆ.

ಟ್ರೇನಿಂಗ್ ಪಡೆದ ಟೀಚರನ್ನು ಇಡೋಕೆ ದುಡ್ಡಿರಲಿಲ್ಲ. ವಠಾರದ ಕಾವಲುಗಾರನ ಮಗಳನ್ನೇ ಮೊದಲು ನೇಮಿಸಿಕೊಂಡರು ಅಂತ ಹೇಳುತ್ತಾರೆ. ಅಂಗನವಾಡಿ ಟೀಚರಿಗೆ ಏನು ಬರುತ್ತೆ ಅಂತ ಮೂಗು ಮುರಿಯುವವರು ಇದನ್ನು ನೆನಪಿಡಿ. ಪಾಠ ಮಾಡೋಕೆ ಗೊತ್ತಿಲ್ಲದವಳು ಮಾರಿಯಾಗೆ ಅನುಕೂಲವೇ ಆದಳು. ಮಕ್ಕಳ ಮುಂದೆ ಸಾಮಾನು ಇಡು, ಹೇಗೆ ಬಳಸೋದು ಅಂತ ಒಂದು ಸಲ ತೋರಿಸು, ಆಮೇಲೆ ಅಡ್ಡ ಬರಬೇಡ ಅನ್ನುವುದಷ್ಟೇ ಅವಳಿಗೆ ಕೊಟ್ಟ ಕೆಲಸ. ಮಾರಿಯಾ ವೈದ್ಯರಲ್ಲವೇ, ತಾವು ಪಕ್ಕದಲ್ಲಿ ಕೂತು ರೋಗಿಯನ್ನು ಗಮನಿಸಿದ ಹಾಗೆ ಗಮನಿಸುತ್ತಾ ಹೋದರು. ಮಕ್ಕಳ ಎತ್ತರ ಅಳೆದರು, ತೂಕ ಬರೆದಿಟ್ಟರು.

ಅವರು ಅಲ್ಲಿ ಕಂಡದ್ದು ಏನು ಅನ್ನೋದೇ ಈ ಜೀವನದ ತಿರುಳು, ಅದಕ್ಕೆ ಸ್ವಲ್ಪ ನಿಲ್ಲುತ್ತೇನೆ.

ಮೂರು ವರ್ಷದ ಆಸುಪಾಸಿನ ಒಂದು ಹುಡುಗಿ. ಮರದ ದಿಮ್ಮಿಯಲ್ಲಿ ಬೇರೆ ಬೇರೆ ಅಳತೆಯ ಗುಂಡಿಗಳು, ಒಂದೊಂದಕ್ಕೂ ಸರಿಯಾಗಿ ಕೂರುವ ಒಂದೊಂದು ಬಿಲ್ಲೆ. ಹುಡುಗಿ ಎಲ್ಲ ತೆಗೆದು, ಕಲಸಿ, ಮತ್ತೆ ಕೂರಿಸುತ್ತಿದ್ದಳು. ಮಾರಿಯಾ ಎಣಿಸತೊಡಗಿದರು. ಬೇರೆ ಮಕ್ಕಳಿಂದ ಹಾಡಿಸಿದರು, ಅವಳು ಕೂತ ಕುರ್ಚಿಯನ್ನು ಅವಳ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಹುಡುಗಿ ಬಿಲ್ಲೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ತಾನಾಗೇ ನಿಲ್ಲಿಸಿ, ನಿದ್ದೆಯಿಂದ ಎದ್ದವಳ ಹಾಗೆ ಹಗುರಾಗಿ ಸುತ್ತ ನೋಡಿದಳು. ಸಣ್ಣ ಮಕ್ಕಳಿಗೆ ಗಮನ ನಿಲ್ಲಲ್ಲ ಅನ್ನೋದು ಆಗಿನ ನಂಬಿಕೆ, ಈಗಲೂ ಅದೇ. ನಿಲ್ಲುತ್ತೆ, ನಾವು ನಿಲ್ಲೋಕೆ ಬಿಡಲ್ಲ, ಅಷ್ಟೆ.

ಒಂದು ದಿನ ಟೀಚರ್ ಬರೋದು ತಡವಾಯಿತು, ಬೀರುವಿನ ಬೀಗ ಹಾಕೋದೂ ಮರೆತಿದ್ದರು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ ಸಾಮಾನು ತಾವೇ ತೆಗೆದುಕೊಂಡು ಕೆಲಸದಲ್ಲಿದ್ದಾರೆ. ಟೀಚರಿಗೆ ಅದು ಕಳ್ಳತನವಾಗಿ ಕಂಡಿತು. ಮಾರಿಯಾಗೆ, ಮಕ್ಕಳಿಗೆ ಆರಿಸಿಕೊಳ್ಳೋಕೆ ಬರುತ್ತೆ ಅನ್ನೋದರ ಗುರುತಾಗಿ ಕಂಡಿತು. ಆಮೇಲೆ ಬೀಗದ ಬೀರು ಹೋಗಿ ಮಕ್ಕಳ ಕೈಗೆಟುಕುವ ತಗ್ಗಿನ ಕಪಾಟು ಬಂತು. ಇನ್ನೊಂದು ಸಲ, ಒಳ್ಳೇ ಹುಡುಗ ಅಂತ ಒಬ್ಬನಿಗೆ ಪದಕ ಹಾಕಿದ್ದರು, ತಂಟೆ ಮಾಡಿದ ಅಂತ ಇನ್ನೊಬ್ಬನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಪದಕದವನಿಗೆ ಓಡಾಡಿ ಕೆಲಸ ಮಾಡುವಾಗ ಅದು ಅಡ್ಡ ಬರ್ತಿತ್ತು, ಬಿದ್ದರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಕೊನೆಗೆ ಶಿಕ್ಷೆಗೆ ಕೂತವನ ಎದೆ ಮೇಲೆ ಬಂತು, ಅವನಿಗೂ ಖುಷಿಯೇ ಆಯಿತು! ಬಹುಮಾನ, ಶಿಕ್ಷೆ ಎರಡನ್ನೂ ಮಾರಿಯಾ ಕೈಬಿಟ್ಟರು.

ಸಿಂಬಳ ಸದ್ದಿಲ್ಲದೆ ಒರೆಸಿಕೊಳ್ಳೋದು ಹೇಗೆ ಅಂತ ಅವರು ಒಂದು ದಿನ ತೋರಿಸಿಕೊಟ್ಟರು. ನಗಬಹುದು ಅಂದುಕೊಂಡಿದ್ದರು, ಮಕ್ಕಳು ಚಪ್ಪಾಳೆ ತಟ್ಟಿದವು. ಸಿಂಬಳಕ್ಕೆ ಬೈಸಿಕೊಂಡೇ ಬೆಳೆದ ಮಕ್ಕಳವು. ಬೈಯದೆ, ನಗದೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಮಾರಿಯಾ ಇದನ್ನು ಮಕ್ಕಳಿಗಿರುವ ಮರ್ಯಾದೆಯ ಪ್ರಜ್ಞೆ ಅಂತ ಓದಿದರು. ನಾನು ಇದಕ್ಕೆ ವರ್ಗದ ಮಾತನ್ನೂ ಸೇರಿಸ್ತೀನಿ: ಅವು ಕೂಲಿಯವರ ಮಕ್ಕಳು, ಸಿಂಬಳ ಅವರ ಗುರುತೇ ಆಗಿಹೋಗಿತ್ತು.

ಒಂದೊಂದು ಸಾಮಾನೂ ಕೋಣೆಗೆ ಒಂದೇ ಇರಬೇಕು ಅನ್ನೋದು ಅವರ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ ನಿಯಮ. ಇನ್ನೊಬ್ಬಳು ಬಳಸುತ್ತಿದ್ದರೆ ಕಾಯಬೇಕು. ಹಂಚಿಕೊಳ್ಳಿ ಅಂತ ಉಪದೇಶ ಕೊಡೋದಕ್ಕಿಂತ ಇದು ಗಟ್ಟಿ. ಮೂರರಿಂದ ಆರು ವರ್ಷದವರೆಲ್ಲ ಒಟ್ಟಿಗೇ ಇರುವುದರಿಂದ ಚಿಕ್ಕವು ದೊಡ್ಡವನ್ನು ನೋಡಿ ಕಲಿಯುತ್ತವೆ, ದೊಡ್ಡವು ಚಿಕ್ಕವಕ್ಕೆ ಶೂ ಲೇಸು ಕಟ್ಟುತ್ತವೆ. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸಿ ಆಡಿಸಿ, ನಾಲ್ಕೈದು ವರ್ಷದ ಮಕ್ಕಳು ಒಂದು ದಿನ ಇದ್ದಕ್ಕಿದ್ದಂತೆ ಸೀಮೆಸುಣ್ಣ ಹಿಡಿದು ನೆಲದ ಮೇಲೆಲ್ಲ ಬರೆಯತೊಡಗಿದವು. ಅಪ್ಪ ಅಮ್ಮಂದಿರಲ್ಲಿ ಅನೇಕರಿಗೆ ಓದೋಕೆ ಬರ್ತಿರಲಿಲ್ಲ. ಈ ಸುದ್ದಿ ಹೊರಗೆ ಹೋಗಿದ್ದೇ ತಡ, ಸಾನ್ ಲೊರೆಂಜೊ ಯಾತ್ರಾಸ್ಥಳ ಆಗಿಹೋಯಿತು.

ಎಲ್ಲವನ್ನೂ ಒಪ್ಪಬೇಕಿಲ್ಲ. ಸಣ್ಣ ಮಕ್ಕಳಿಗೆ ಮಾಯ ಮಂತ್ರದ ಕತೆ ಬೇಡ, ಸುಳ್ಳುಮುಳ್ಳು ಆಟಕ್ಕಿಂತ ನಿಜವಾದ ಕೆಲಸ ಮೇಲು ಅನ್ನುವ ಅವರ ಮಾತು ನನಗೆ ಒಗ್ಗಲ್ಲ. ತೆಂಗಿನ ಚಿಪ್ಪಲ್ಲಿ ಮಣ್ಣು ಬೇಯಿಸಿ ಅನ್ನ ಬಡಿಸುವ ಮಗು, ಯಾರದೋ ಪಾತ್ರಕ್ಕೆ ತಕ್ಕಂತೆ ತನ್ನನ್ನು ತಾನೇ ಹಿಡಿತದಲ್ಲಿ ಇಟ್ಟುಕೊಳ್ಳೋದನ್ನು ಕಲೀತಿರುತ್ತೆ. ರಷ್ಯಾದ ವೈಗಾಟ್‌ಸ್ಕಿ ಇದನ್ನು ಅವರಿಗಿಂತ ಚೆನ್ನಾಗಿ ಕಂಡುಕೊಂಡರು. ಹಾಗಂತ ಅವರ ಪದ್ಧತಿಯೇ ಬರೀ ನಂಬಿಕೆಯ ಮಾತೂ ಅಲ್ಲ. ಅಮೆರಿಕದ ಮಿಲ್ವಾಕಿ ನಗರದ ಸರ್ಕಾರಿ ಮಾಂಟೆಸ್ಸರಿ ಶಾಲೆಯೊಂದಕ್ಕೆ ಲಾಟರಿಯಲ್ಲಿ ಸೀಟು ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಐದು ವರ್ಷದ ಹೊತ್ತಿಗೆ ಸೀಟು ಸಿಕ್ಕವರು ಓದು, ಲೆಕ್ಕಗಳಲ್ಲಷ್ಟೇ ಅಲ್ಲ, ಜೊತೆಯವರ ಜಗಳ ಬಗೆಹರಿಸುವುದರಲ್ಲೂ ಮುಂದಿದ್ದರು.

ಮುಂದಿನ ವರ್ಷಗಳನ್ನು ಬೇಗ ದಾಟಿಬಿಡೋಣ. 1909ರಲ್ಲಿ ಪುಸ್ತಕ ಬಂತು, 1913ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತುಂಬಿತು, 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿಯನ್ನು ನೋಡೋಕೆ ಜನ ಮುಗಿಬಿದ್ದರು. ಮಾರಿಯಾ ವಿಶ್ವವಿದ್ಯಾಲಯದ ಕೆಲಸ ಬಿಟ್ಟರು. ಟ್ರೇನಿಂಗ್ ಕೋರ್ಸ್, ಪುಸ್ತಕ, ಸಾಮಾನುಗಳ ಆದಾಯವೇ ಜೀವನವಾಯಿತು. ಟೀಚರುಗಳಿಗೆ ತಾನೇ ಟ್ರೇನಿಂಗ್ ಕೊಡಬೇಕು, ಸಾಮಾನು ತಾನು ಒಪ್ಪಿದ್ದೇ ಆಗಿರಬೇಕು ಅಂತ ಬಿಗಿ ಹಿಡಿದರು. ಪದ್ಧತಿ ಕಲಬೆರಕೆ ಆಗದಿರಲಿ ಅನ್ನೋದು ಅವರ ಕಾರಣ. ಆದರೆ ಅದರ ಬೆಲೆ ಏರತೊಡಗಿದ್ದು ಅಲ್ಲಿಂದಲೇ ಅನ್ನೋದು ನನ್ನ ಅಭಿಪ್ರಾಯ. ವಠಾರದಲ್ಲಿ ಹುಟ್ಟಿದ್ದು ವಠಾರಕ್ಕೆ ಎಟುಕದಂತಾಯಿತು. ಇನ್ನು ಹೆಸರಿನ ಕತೆ ತಿರುವುಮುರುವು: ಮಾಂಟೆಸ್ಸರಿ ಅನ್ನೋದು ಯಾರೊಬ್ಬರ ಟ್ರೇಡ್‌ಮಾರ್ಕ್ ಅಲ್ಲ ಅಂತ 1967ರಲ್ಲಿ ಅಮೆರಿಕದಲ್ಲಿ ತೀರ್ಮಾನವಾಯಿತು. ಯಾರು ಬೇಕಾದರೂ ಬೋರ್ಡ್ ಹಾಕಬಹುದು, ಮಿಕ್ಕಿ ಮೌಸ್ ಬರೆಸಬಹುದು.

ನಮ್ಮಂಥ ಓದುಗರು ತಪ್ಪದೆ ಕೇಳುವ ಪ್ರಶ್ನೆ ಮುಸೊಲಿನಿಯದು. ಹೌದು, 1924ರಿಂದ ಸುಮಾರು ಹತ್ತು ವರ್ಷ ಮಾರಿಯಾ ಅವನ ಸರ್ಕಾರದ ಬೆಂಬಲ ಪಡೆದರು. ಇಟಲಿಯ ಮಾಂಟೆಸ್ಸರಿ ಸಂಸ್ಥೆಗೆ ಅವನೇ ಗೌರವ ಅಧ್ಯಕ್ಷ. ನನ್ನದು ಮಕ್ಕಳ ಪಕ್ಷ, ರಾಜಕೀಯ ನನಗೆ ಬೇಡ ಅನ್ನುವ ಧಾಟಿ ಅವರದು. ಸದ್ದಿಲ್ಲದೆ, ಶಿಸ್ತಾಗಿ, ಬೇಗ ಓದು ಕಲಿಯುವ ಮಕ್ಕಳನ್ನು ನೋಡಿ ಅವನಿಗೆ ಮುಂದಿನ ಸೈನಿಕರು ಕಂಡಿರಬೇಕು. ಆ ಶಾಂತಿ ಆಜ್ಞೆಯಿಂದ ಬಂದದ್ದಲ್ಲ, ತಾನೇ ಆರಿಸಿಕೊಂಡ ಕೆಲಸದಿಂದ ಬಂದದ್ದು ಅನ್ನೋದು ಅರ್ಥವಾಗೋಕೆ ಎರಡೂ ಕಡೆಯವರಿಗೆ ಸಮಯ ಹಿಡಿಯಿತು. ಶಿಕ್ಷಕರು ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು ಅನ್ನುವ ಒತ್ತಡ ಬಂತು, ತಿಕ್ಕಾಟ ಬೆಳೆಯಿತು, 1934ರಲ್ಲಿ ಮಾರಿಯಾ ಮತ್ತು ಮಾರಿಯೋ ಇಟಲಿ ಬಿಟ್ಟರು. 1936ರ ಹೊತ್ತಿಗೆ ಅಲ್ಲಿನ ಶಾಲೆಗಳು ಮುಚ್ಚಿದವು. ಜರ್ಮನಿಯಲ್ಲಿ ನಾಜಿಗಳು ಅದಕ್ಕೂ ಮೊದಲೇ ಮುಚ್ಚಿಸಿದ್ದರು. ಅದೇ ವರ್ಷ ಸ್ಪೇನಿನ ಅಂತರ್ಯುದ್ಧ ಅವರನ್ನು ಬಾರ್ಸಿಲೋನಾದಿಂದ ಓಡಿಸಿತು. ಕೊನೆಗೂ ಅವರು ಫ್ಯಾಸಿಸಂ ಬಿಟ್ಟು ನಡೆದರು ಅಂತ ಮೆಚ್ಚಿಕೊಂಡು ಮುಂದೆ ಹೋಗೋದು ಸುಲಭ. ಆದರೆ ಮಕ್ಕಳ ಕೆಲಸದಲ್ಲಿ ರಾಜಕೀಯ ಇಲ್ಲ ಅಂತ ನಂಬಿ ಹತ್ತು ವರ್ಷ ಕಳೆದದ್ದೂ ಅವರೇ.

1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರೆಗೆ ಓಗೊಟ್ಟು ಮಗನ ಜೊತೆ ಮದ್ರಾಸಿಗೆ ಬಂದರು. ಆಗವರಿಗೆ ಅರವತ್ತೊಂಬತ್ತು. ಅಡ್ಯಾರಿನಲ್ಲಿ ಗರಿ ಹೊದಿಸಿದ ಚಪ್ಪರದ ಕೆಳಗೆ ಸುಮಾರು ಮುನ್ನೂರು ಜನಕ್ಕೆ ಮೊದಲ ಕೋರ್ಸ್. ಅವರು ಇಟಾಲಿಯನ್ನಿನಲ್ಲಿ ಹೇಳೋರು, ಮಾರಿಯೋ ಇಂಗ್ಲಿಷಿಗೆ ತರೋರು. ಕೆಲವು ತಿಂಗಳಿಗೆಂದು ಬಂದವರು ಸಿಕ್ಕಿಹಾಕಿಕೊಂಡರು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರಕ್ಕೆ ಅವರಿಬ್ಬರೂ ಶತ್ರು ದೇಶದವರು. ಮಾರಿಯೋನನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟರು, ತಾಯಿಯನ್ನು ಅಡ್ಯಾರಿನ ಆವರಣ ಬಿಟ್ಟು ಹೋಗದಂತೆ ಕಟ್ಟಿಹಾಕಿದರು. ಆಗಸ್ಟ್ 31ಕ್ಕೆ ಅವರ ಎಪ್ಪತ್ತನೇ ಹುಟ್ಟುಹಬ್ಬ. ಅದರ ಉಡುಗೊರೆಯಾಗಿ ಮಗನನ್ನು ಬಿಡುಗಡೆ ಮಾಡುತ್ತಿದ್ದೇವೆ ಅಂತ ವೈಸರಾಯ್ ಕಡೆಯಿಂದ ತಂತಿ ಬಂತು. ಮಾರಿಯೋನನ್ನು ಹದಿಹರೆಯದಲ್ಲಿ ತಮ್ಮ ಹತ್ತಿರ ಕರೆಸಿಕೊಂಡ ಮೇಲೂ ಅವರು ಹೊರಗಿನವರ ಮುಂದೆ ಅಣ್ಣನ ಮಗ, ಸಾಕುಮಗ ಅಂತೆಲ್ಲ ಹೇಳಿಕೊಂಡಿದ್ದರು. ಅಧಿಕೃತ ಕಾಗದವೊಂದು ಅವರನ್ನು ಮಗ ಅಂತ ಕರೆದದ್ದು ಇದೇ ಮೊದಲು ಅಂತಾರೆ. ಆಗ ಮಾರಿಯೋಗೆ ನಲವತ್ತೆರಡು.

ಯುದ್ಧದ ವರ್ಷಗಳ ಒಂದು ಭಾಗ ಕೊಡೈಕೆನಾಲಿನಲ್ಲಿ ಕಳೆಯಿತು. ಇಂಡಿಯಾದಲ್ಲೇ ಅವರ ಗಮನ ಮೂರು ವರ್ಷಕ್ಕಿಂತ ಚಿಕ್ಕವರ ಕಡೆ, ಕೂಸುಗಳ ಕಡೆ ಹೊರಳಿತು. ಕಲಿಸದೇ ಇದ್ದರೂ ಮಗು ಸುತ್ತಲಿನ ಮಾತು, ನಡೆ, ಪ್ರೀತಿ, ಭಯ ಎಲ್ಲವನ್ನೂ ಸ್ಪಂಜಿನ ಹಾಗೆ ಹೀರಿಕೊಂಡು ತನ್ನನ್ನೇ ಕಟ್ಟಿಕೊಳ್ಳುತ್ತೆ ಅನ್ನುವ ಅವರ ಪ್ರಸಿದ್ಧ ವಿಚಾರ ಯುದ್ಧದ ನಂತರ ಅಹಮದಾಬಾದಿನಲ್ಲಿ ಕೊಟ್ಟ ಉಪನ್ಯಾಸಗಳಿಂದ ಪುಸ್ತಕವಾಗಿ, 1949ರಲ್ಲಿ ಮದ್ರಾಸಿನಿಂದ ಪ್ರಕಟವಾಯಿತು. 1952ರ ಮೇ 6ರಂದು ಹಾಲೆಂಡಿನ ಕಡಲ ತೀರದ ಊರೊಂದರಲ್ಲಿ ತೀರಿಕೊಂಡರು.

ಅವರು ಬರುವ ಎಷ್ಟೋ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ಶುರುಮಾಡಿದ್ದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿಗೆ ಹೋದರು. ಆದಿವಾಸಿಗಳ, ಮೀನುಗಾರರ ಮಕ್ಕಳು ಶಾಲೆಗೆ ಬರಲ್ಲ ಅಂದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಕೊಂಡೊಯ್ದರು. ದುಬಾರಿ ಮರದ ಸಾಮಾನಿನ ಬದಲು ಬೀಜ, ಎಲೆ, ಕಪ್ಪೆಚಿಪ್ಪು ತಂದರು. ಅಂಗನವಾಡಿ ಅನ್ನೋದು ಆ ಅಂಗಳದಿಂದ ಬಂದ ಮಾತು. ಮಾಂಟೆಸ್ಸರಿ ಕೈಬಿಟ್ಟಿದ್ದ ವಠಾರದ ದಾರಿಯನ್ನು ಮತ್ತೆ ಹಿಡಿದವರು ತಾರಾಬಾಯಿ ಅಂತ ನಾನು ಅಂದುಕೊಳ್ತೀನಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಐಸಿಡಿಎಸ್ ಅನ್ನು 33 ಕಡೆ ಶುರುಮಾಡಿದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು.

ಐವತ್ತು ವರ್ಷ ಆಯಿತು. ಆ ಹೆಂಗಸರು ಇನ್ನೂ ಸಂಬಳ ಪಡೆಯೋರಲ್ಲ, ಗೌರವಧನ ಪಡೆಯೋರು. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. 2024ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ 250 ಅಂಗನವಾಡಿಗಳಿಗೆ ಸರ್ಕಾರಿ ಮಾಂಟೆಸ್ಸರಿ ಅಂತ ಹೆಸರಿಟ್ಟಿತು. ಹೆಸರು ಬಡವರ ಗಲ್ಲಿಗೆ ವಾಪಸ್ ಬಂತಲ್ಲ ಅಂತ ಖುಷಿಪಡೋಣ ಅಂದರೆ, ಮಗುವೊಂದು ಬಿಲ್ಲೆ ಜೋಡಿಸೋದನ್ನು ನಲವತ್ತು ಸಲ ಕೂತು ಎಣಿಸೋಕೆ ಆ ಟೀಚರಿಗೆ ಪುರುಸೊತ್ತೆಲ್ಲಿದೆ? ಗರ್ಭಿಣಿಯರ ಪಟ್ಟಿ, ತೂಕದ ಲೆಕ್ಕ, ಮೊಬೈಲ್ ಆ್ಯಪ್, ಮತದಾರರ ಪಟ್ಟಿ, ಊರಿನ ಯಾವ ಸರ್ವೆ ಬಂದರೂ ಮೊದಲು ಕರೆ ಹೋಗೋದು ಅವರಿಗೇ. ಅಮ್ಮ ರಾತ್ರಿ ಊಟವಾದ ಮೇಲೆ ರಿಜಿಸ್ಟರ್ ಬರೆಯುತ್ತಾ ಕೂತಿರುತ್ತಿದ್ದರು. ಹಗಲು ಊರಿನ ಮಕ್ಕಳಿಗೆ, ರಾತ್ರಿ ರಿಜಿಸ್ಟರಿಗೆ. ನನಗೆ ಕತೆ ಹೇಳಿ ಮಲಗಿಸಿದ್ದು ಅಜ್ಜಿ.

ಹೋದ ತಿಂಗಳು ಊರಿಗೆ ಹೋದಾಗ ಅಮ್ಮನಿಗೆ ಈ ಕತೆಯನ್ನೆಲ್ಲ ಹೇಳಿದೆ. ಬಿಲ್ಲೆ ಜೋಡಿಸಿದ ಹುಡುಗಿಯ ಕತೆಗೆ ನಕ್ಕರು. ತಮ್ಮ ಅಂಗನವಾಡಿಯಲ್ಲಿ ಹುಣಸೆಬೀಜ ಒಂದು ಲೋಟದಿಂದ ಇನ್ನೊಂದಕ್ಕೆ ಸುರಿಯುತ್ತಾ ಮಧ್ಯಾಹ್ನದವರೆಗೂ ಕೂತಿರುತ್ತಿದ್ದ ಒಬ್ಬ ಹುಡುಗನ ನೆನಪಾಯಿತು ಅವರಿಗೆ, ಈಗವನು ಕೆಎಸ್ಆರ್‌ಟಿಸಿ ಡ್ರೈವರ್. ಮುಸೊಲಿನಿಯ ಭಾಗ ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ಮಾರಿಯೋನ ವಿಷಯ ಬಂದಾಗ ಮಾತ್ರ ಸೊಪ್ಪು ಸೋಸೋದನ್ನು ನಿಲ್ಲಿಸಿದರು. ಆ ಮಗುವನ್ನು ಸಾಕಿದ ಹಳ್ಳಿಯ ಹೆಂಗಸಿನ ಹೆಸರೇನು ಅಂತ ಕೇಳಿದರು. ನಾನು ಓದಿದ್ದರಲ್ಲಿ ಇರಲಿಲ್ಲ ಅಂದೆ. ಅವಳಿಗೆ ತಿಂಗಳು ತಿಂಗಳು ದುಡ್ಡು ಸರಿಯಾಗಿ ಕೊಟ್ಟಿದ್ರಂತಾ ಅಂತ ಕೇಳಿ, ಮತ್ತೆ ಸೊಪ್ಪು ಕೈಗೆತ್ತಿಕೊಂಡರು.